ಕಣ ಮುಚ್ಚುವ ಯಂತ್ರಕ್ಕೆ ಪಟ್ಟಿಯಲ್ಲಿ ಜಾಗ ಸಿಕ್ಕ ಬಗೆ

೨೦೨೩ನೆಯ ಇಸವಿಯ ಜೂನ್ ತಿಂಗಳಲ್ಲಿ, ನನಗೆ ಐವತ್ತೆರಡು ವರ್ಷ ತುಂಬಿದ ಮರುವಾರ, ನಾನು ಮೂಡಿಗೆರೆ ತಾಲ್ಲೂಕಿಗೆ ಕೈಗಾರಿಕಾ ವಿಸ್ತರಣಾಧಿಕಾರಿಯಾಗಿ ಬಂದು ಸೇರಿದೆ. ಬಡ್ತಿ, ವರ್ಗಾವಣೆ, ವೇತನಶ್ರೇಣಿಗಳ ವಿವರಗಳೆಲ್ಲ ನನ್ನ ಸೇವಾಪುಸ್ತಕದಲ್ಲಿವೆ. ಆಸಕ್ತಿಯುಳ್ಳವರು ಅಲ್ಲಿಯೇ ಓದಿಕೊಳ್ಳಬಹುದು. ಈಗ ಇಲಾಖೆಗೆ ಹೊಸದಾಗಿ ಸೇರುತ್ತಿರುವ ನೀವು ತಿಳಿಯಬೇಕಾದದ್ದು ಸೇವಾಪುಸ್ತಕದಲ್ಲಿ ಇಲ್ಲದ ಸಂಗತಿ. ಅದನ್ನು ನೆನೆದಾಗಲೆಲ್ಲ, ಸ್ವಯಂನಿವೃತ್ತಿ ಪಡೆದು ಮನೆಯಲ್ಲಿ ಕುಳಿತಿರುವ ಈ ದಿನಗಳಲ್ಲೂ, ನಾನು ಒಬ್ಬನೇ ನಗುತ್ತೇನೆ. ಹೆಂಡತಿ ಅಡುಗೆಮನೆಯಿಂದ ಬಂದು ಏನಾಯಿತೆಂದು ಕೇಳುತ್ತಾಳೆ.

ಇಲಾಖೆಗೆ ಬರುವ ಮೊದಲು ನಾನು ಕಳಸದ ಒಂದು ಪ್ರೌಢಶಾಲೆಯಲ್ಲಿ ಹನ್ನೊಂದು ವರ್ಷ ಕನ್ನಡ ಕಲಿಸಿದವನು. ಮೇಜು ಬದಲಾಯಿತೇ ಹೊರತು ಕೆಂಪು ಶಾಯಿಯ ಲೇಖನಿ ಬದಲಾಗಲಿಲ್ಲ. ಕರ್ತೃವೊಂದು ಕಡೆ, ಕ್ರಿಯಾಪದವೊಂದು ಕಡೆ ಓಡುತ್ತಿದ್ದ ಸುತ್ತೋಲೆಗಳನ್ನು ತಿದ್ದಿ, ಅವನ್ನು ಹೊರಡಿಸಿದ ಮೇಲಧಿಕಾರಿಗಳಿಗೇ ವಿನಯಪೂರ್ವಕವಾಗಿ ಹಿಂದಿರುಗಿಸಿ ಎರಡು ಬಾರಿ ಎಚ್ಚರಿಕೆಯ ಪತ್ರ ಪಡೆದಿದ್ದೇನೆ. ಆ ಎಚ್ಚರಿಕೆಯ ಪತ್ರಗಳಲ್ಲೂ ತಪ್ಪುಗಳಿದ್ದವು. ಮೂಡಿಗೆರೆಯ ಜನ ನನ್ನನ್ನು ಒಂದು ದಿನವೂ ಅಧಿಕಾರಿಯೆಂದು ಕರೆಯಲಿಲ್ಲ. ಮೊದಲ ವಾರದಿಂದ ಕೊನೆಯ ವಾರದವರೆಗೂ ನಾನು ‘ಮೇಷ್ಟ್ರು’.

ಉದ್ಯಮಶೀಲತೆಗೆ ಸರ್ಕಾರದ ನೀತಿ ಹೇಗೆ ಬೆಂಬಲವಾಗಬೇಕು ಎಂಬ ವಿಷಯದ ಮೇಲೆ ತರಬೇತಿ ಕೇಂದ್ರಗಳಲ್ಲಿ ನಿಮಗೆ ಸಾಕಷ್ಟು ಉಪನ್ಯಾಸಗಳಾಗಿರುತ್ತವೆ. ನಾನು ಹೇಳುವುದು ಇಷ್ಟೇ: ಜಾವಳಿಯಲ್ಲಿ ಕಾಫಿ ಒಣಗಿಸುವ ಒಬ್ಬ ಹೆಂಗಸಿನ ಪಾಲಿಗೆ ಸರ್ಕಾರದ ನೀತಿಯೆಂದರೆ ಮುದ್ರಿತ ಹೊತ್ತಗೆಯಲ್ಲ, ಆಕೆಯ ಅರ್ಜಿ ಕೈಯಲ್ಲಿ ಹಿಡಿದು ಕುಳಿತ ಮನುಷ್ಯ. ಆ ಮನುಷ್ಯ ಮೊದಲ ಆರು ತಿಂಗಳು ನಾನಾಗಿದ್ದೆ, ಮತ್ತು ಬಹಳ ಕೆಟ್ಟದಾಗಿ ಆಗಿದ್ದೆ.

ಬಂದ ತಿಂಗಳಲ್ಲೇ ಘಟ್ಟದ ದಾರಿಯ ಒಬ್ಬರು ಹಳೆಯ ಡ್ರಮ್ಮೊಂದನ್ನು ಮಾರ್ಪಡಿಸಿ ಕಾಫಿ ಹುರಿಯುವ ಘಟಕಕ್ಕಾಗಿ ಅರ್ಜಿ ಹಾಕಿದ್ದರು. ‘ಯಾವ ಮಾರುಕಟ್ಟೆಗೆ ಪೂರೈಸುತ್ತೀರಿ’ ಎಂಬ ಪ್ರಶ್ನೆಗೆ ‘ಬಂದವರಿಗೆ’ ಎಂದು ಬರೆದಿದ್ದರು. ಘಟ್ಟ ನೋಡಲು ಬರುವ ಪ್ರವಾಸಿಗಳೇ ಅವರ ಮಾರುಕಟ್ಟೆ. ಅದಕ್ಕಿಂತ ಖಚಿತವಾದ ಉತ್ತರ ಇರಲು ಸಾಧ್ಯವಿಲ್ಲ. ನಾನು ‘ಅಪೂರ್ಣ’ ಎಂದು ಬರೆದು ಕೆಳಗೆ ಗೆರೆ ಎಳೆದೆ. ಅವರು ಮತ್ತೆ ಬರಲಿಲ್ಲ. ಇಂಥದ್ದೇ ಗೆರೆಯನ್ನು ನವೆಂಬರಿನಲ್ಲಿ ಇನ್ನೊಂದು ಅರ್ಜಿಯ ಮೇಲೂ ಎಳೆದೆ.

ಆ ಅರ್ಜಿದಾರರು ಇಬ್ಬರು. ಒಬ್ಬರು ಜಾವಳಿಯ ಜಲಜಾಕ್ಷಿ, ಊರಿಗೆಲ್ಲ ಜಲಜಕ್ಕ. ವಯಸ್ಸು ಐವತ್ತೈದರ ಆಸುಪಾಸು, ನಾಲ್ಕು ಎಕರೆ ಕಾಫಿ, ಒಂದು ಸಿಮೆಂಟಿನ ಕಣ. ಇನ್ನೊಬ್ಬರು ಕೊಟ್ಟಿಗೆಹಾರದ ರಸ್ತೆಬದಿಯಲ್ಲಿ ಜೀಪು ರಿಪೇರಿ ಮಾಡುವ ಹಸನಬ್ಬ, ಆಕೆಗಿಂತ ಹದಿನೈದು ವರ್ಷ ಚಿಕ್ಕವರು. ಕೋರಿಕೆ ಸರಳವಾಗಿತ್ತು: ತಾವಿಬ್ಬರೂ ಸೇರಿ ಒಂದು ಯಂತ್ರ ಮಾಡಿದ್ದೇವೆ, ಅದನ್ನು ತಯಾರಿಸಿ ಮಾರಬೇಕೆಂದಿದ್ದೇವೆ, ಕೊಟ್ಟಿಗೆಹಾರದ ಸಮೀಪ ಖಾಲಿ ಬಿದ್ದಿರುವ ಇಲಾಖೆಯ ಶೆಡ್ಡೊಂದನ್ನು ಕೊಡಿ. ಏಳನೆಯ ಕಲಮಿನಲ್ಲಿ ‘ಯಂತ್ರದ ಹೆಸರು’ ಎಂದಿತ್ತು. ಅದರ ಮುಂದೆ ದುಂಡಗಿನ ಅಕ್ಷರಗಳಲ್ಲಿ ‘ಇನ್ನೂ ಇಟ್ಟಿಲ್ಲ’ ಎಂದು ಬರೆದಿತ್ತು.

ನಾನು ಅರ್ಜಿಯನ್ನು ಹಿಂದಿರುಗಿಸಿದೆ. ಎರಡನೆಯ ಬಾರಿ ‘ನಮ್ಮ ಯಂತ್ರ’ ಎಂದು ಬರೆದು ಕಳಿಸಿದರು. ಸರ್ವನಾಮವು ಹೆಸರಾಗದೆಂದು ಟಿಪ್ಪಣಿ ಬರೆದು ಪುನಃ ಹಿಂದಿರುಗಿಸಿದೆ. ಮೂರನೆಯ ಬಾರಿ ಏಳನೆಯ ಕಲಮಿನಲ್ಲಿದ್ದ ವಾಕ್ಯದಲ್ಲಿ ತಿದ್ದಲು ಏನೂ ಇರಲಿಲ್ಲ: ‘ತಾವೇ ಬಂದು ನೋಡಿ ಹೆಸರಿಡತಕ್ಕದ್ದು. ಊಟ ಇಲ್ಲಿಯೇ.’

ಜನವರಿಯ ಒಂದು ಬೆಳಗ್ಗೆ ಜಾವಳಿಗೆ ಹೋದೆ. ಬಯಲುಸೀಮೆಯಿಂದ ಬಂದು ಸೇರುವ ತರುಣರಿಗಾಗಿ ಇಲ್ಲಿ ಎರಡು ಮಾತು. ಕೊಯ್ದ ಕಾಫಿಹಣ್ಣನ್ನು ಕಣದಲ್ಲಿ ಹರಡಿ ಎರಡು ವಾರದವರೆಗೆ ಬಿಸಿಲಿಗೆ ಒಣಗಿಸುತ್ತಾರೆ. ನಡುವೆ ಒಂದು ಮಳೆ ಹೊಡೆದರೆ ಹಣ್ಣು ಬೂಷ್ಟು ಹಿಡಿದು ವಾಸನೆ ಬರುತ್ತದೆ. ವರ್ಷದ ದುಡಿಮೆಯನ್ನು ವ್ಯಾಪಾರಿ ಮೂಸಿ ನೋಡಿ ಪಕ್ಕಕ್ಕಿಡುತ್ತಾನೆ. ಹಿಂದೆ ಈ ತಿಂಗಳುಗಳಲ್ಲಿ ಮಳೆ ಬರುತ್ತಿದ್ದುದು ಅಪರೂಪ. ಈಗ ಹೇಳದೆ ಕೇಳದೆ ಬರುತ್ತದೆ. ಆದ್ದರಿಂದ ನಮ್ಮ ಕಡೆ ಒಂದು ರೂಢಿಯಿದೆ. ಗುಡುಗು ಕೇಳಿದರೆ, ಯಾರ ಕಣ ಹತ್ತಿರವಿದೆಯೋ ಅದಕ್ಕೆ ಇಳಿಯಬೇಕು. ಮಾತು ಬಿಟ್ಟವರ ಕಣವಾದರೂ ಸರಿ, ಕೋರ್ಟಿನಲ್ಲಿ ಎದುರಾಳಿಯಾದವರ ಕಣವಾದರೂ ಸರಿ; ಎಳೆದು ಗುಡ್ಡೆ ಹಾಕಿ, ಟಾರ್ಪಾಲು ಹೊದಿಸಿ, ಆಮೇಲೆ ಮತ್ತೆ ಮಾತು ಬಿಡಬಹುದು.

ಜಲಜಕ್ಕನ ಕಣದ ಎರಡು ಅಂಚುಗಳಲ್ಲಿ ಮೊಣಕಾಲೆತ್ತರಕ್ಕೆ ಕಬ್ಬಿಣದ ಕೊಳವೆಗಳು ಉದ್ದಕ್ಕೂ ಹರಿದಿದ್ದವು. ಅವುಗಳ ಮೇಲೆ ಅಡ್ಡಡ್ಡಲಾಗಿ, ನೀರು ನಿಲ್ಲದ ಹಾಗೆ ಬಿಲ್ಲಿನಂತೆ ಬಾಗಿಸಿದ ಸರಳುಗಳು. ಒಂದು ತುದಿಯಲ್ಲಿ ದೊಡ್ಡ ಸುರುಳಿಯಾಗಿ ಸುತ್ತಿದ ಟಾರ್ಪಾಲು, ಅದನ್ನು ಎಳೆಯಲು ಬೈಸಿಕಲ್ಲಿನ ಚೈನುಗಳು, ಚೈನುಗಳನ್ನು ತಿರುಗಿಸಲು ಯಾವುದೋ ಮುದಿ ಜೀಪಿನ ಸ್ಟಿಯರಿಂಗು. ಹಾರ್ನಿನ ಗುಂಡಿಯೂ ಹಾಗೆಯೇ ಇತ್ತು.

“ಕೂತ್ಕೊಂಡು ತಿರುಗ್ಸಿ ಮೇಷ್ಟ್ರೇ,” ಎಂದರು ಜಲಜಕ್ಕ, ಒಂದು ಪ್ಲಾಸ್ಟಿಕ್ ಸ್ಟೂಲು ತಳ್ಳಿ. “ಲೈಸನ್ಸ್ ಬೇಡ.”

ತಿರುಗಿಸಿದೆ. ಹಸಿರು ಟಾರ್ಪಾಲು ಸರಸರನೆ ಮುಂದಕ್ಕೆ ಸಾಗಿತು. ಇಡೀ ಕಣ, ಹರಡಿದ ಕಾಫಿ ಹರಡಿದ ಹಾಗೆಯೇ ಇದ್ದು, ಒಬ್ಬ ಗುಮಾಸ್ತನ ಎರಡು ಕೈಗಳ ಬಲದಿಂದ ಮುಚ್ಚಿಕೊಳ್ಳತೊಡಗಿತು. ನನಗೆ ಏನಾಯಿತೋ ತಿಳಿಯದು, ನಗಲಾರಂಭಿಸಿದೆ. ಹಿಂದಕ್ಕೆ ತಿರುಗಿಸಿದೆ, ತೆರೆದುಕೊಂಡಿತು. ಮುಂದಕ್ಕೆ, ಮುಚ್ಚಿಕೊಂಡಿತು. ಐದು ಬಾರಿ ಹೀಗೆ ಮಾಡಿದೆನೆಂದು ಹಸನಬ್ಬ ಇಂದಿಗೂ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಮೂರು. ಹಾರ್ನಿನ ಗುಂಡಿಯನ್ನು ಒತ್ತಿದ್ದು ಮಾತ್ರ ನಿಜ.

ಆಲೋಚನೆ ಆಕೆಯದು, ಬೆಸುಗೆ ಆತನದು. ಎರಡು ವರ್ಷ ಇಬ್ಬರೂ ಜಗಳವಾಡುತ್ತಲೇ ಇದನ್ನು ಕಟ್ಟಿದ್ದರು. ಹಸನಬ್ಬನ ಗ್ಯಾರೇಜಿನಲ್ಲಿ ಎರಡು ಜೀಪು ನಿಂತರೆ ಮೂರನೆಯದಕ್ಕೆ ಜಾಗವಿಲ್ಲ. ಉದ್ದದ ಕೊಳವೆಗಳನ್ನು ರಸ್ತೆಯಂಚಿನಲ್ಲಿ ಇಟ್ಟು ಬೆಸೆಯುವಾಗ ಘಟ್ಟ ಇಳಿಯುವ ಬಸ್ಸುಗಳೆಲ್ಲ ನಿಂತು, ಚಾಲಕರು ಇಳಿದು, ಬೈಯಬೇಕೆಂದು ಬಂದವರು ಸಲಹೆ ಕೊಟ್ಟು ಹೋಗುತ್ತಿದ್ದರಂತೆ. ಶೆಡ್ಡು ಬೇಕಾಗಿದ್ದುದು ಆ ಕಾರಣಕ್ಕೆ.

ಊಟಕ್ಕೆ ಮೊದಲೇ ಹೆಸರಿಟ್ಟೆ: ಕಣಮುಚ್ಚಿಗೆ.

“ಹೆಸರು ಚೆಂದ ಉಂಟು,” ಎಂದರು ಜಲಜಕ್ಕ. “ಈಗ ಅರ್ಜಿ ವಾಪಸ್ ಕಳ್ಸೋಕೆ ನಿಮಗೆ ಬೇರೆ ಕಾರಣ ಹುಡುಕ್ಬೇಕಲ್ಲ, ಪಾಪ.”

ಬೇರೆ ಕಾರಣ ನಾನು ಹುಡುಕಬೇಕಾಗಲಿಲ್ಲ. ಅದು ಕಂಪ್ಯೂಟರಿನಲ್ಲಿ ಸಿದ್ಧವಾಗಿ ಕಾದಿತ್ತು. ನಾನು ಸೇವೆಗೆ ಸೇರಿದಾಗ ಅರ್ಜಿಗಳೆಲ್ಲ ಕಾಗದದವು. ಕಲಮು ಸಾಲದಿದ್ದರೆ ಅಂಚಿನಲ್ಲಿ ಬರೆಯಬಹುದಿತ್ತು, ಅಂಚೂ ಸಾಲದಿದ್ದರೆ ಬೆನ್ನಿಗೆ. ಈಗ ಕಾಗದದ ಅರ್ಜಿಯನ್ನು ನಾವು ಪೋರ್ಟಲ್ಲಿಗೆ ಏರಿಸಬೇಕು. ಅಲ್ಲಿ ಏಳನೆಯ ಕಲಮನ್ನು ಮುಟ್ಟಿದರೆ ಅನುಮೋದಿತ ಉತ್ಪನ್ನಗಳ ಪಟ್ಟಿ ಇಳಿಬೀಳುತ್ತದೆ. ಹಪ್ಪಳದಿಂದ ಹಿಡಿದು ಹಂಚಿನವರೆಗೆ ಎಲ್ಲವೂ ಇತ್ತು. ಕಣಮುಚ್ಚಿಗೆ ಇರಲಿಲ್ಲ, ಬೇರೆ ಏನನ್ನಾದರೂ ಬರೆಯಲು ಖಾಲಿ ಜಾಗವೂ ಇರಲಿಲ್ಲ. ಪಟ್ಟಿಗೆ ಸೇರಬೇಕಾದರೆ ವಸ್ತು ಮೂರು ವರ್ಷ ಮಾರಾಟವಾಗಿರಬೇಕು. ಮಾರಬೇಕಾದರೆ ತಯಾರಿಸಬೇಕು. ತಯಾರಿಸಲು ಶೆಡ್ಡು ಬೇಕು. ಶೆಡ್ಡು ಸಿಗುವುದು ಪಟ್ಟಿಯಲ್ಲಿರುವುದನ್ನು ತಯಾರಿಸುವವರಿಗೆ. ಹೊಸತನಕ್ಕೆ ಪ್ರೋತ್ಸಾಹವೆಂದು ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಿದ ಯೋಜನೆಯೊಳಗೆ ಹೊಸದೊಂದು ವಸ್ತು ಹೊಗಲು ಬಾಗಿಲೇ ಇರಲಿಲ್ಲ.

“ಅಗರಬತ್ತಿ ಯಂತ್ರ ಅಂತ ಒತ್ತಿಬಿಡಿ ಮೇಷ್ಟ್ರೇ,” ಎಂದು ಕಚೇರಿಗೆ ಬಂದಿದ್ದ ಹಸನಬ್ಬ ನನ್ನ ಭುಜದ ಮೇಲಿಂದ ಬಗ್ಗಿ ಸೂಚಿಸಿದರು. “ಒಳಗೆ ಹೋದ್ಮೇಲೆ ನೋಡುವ.”

ಸುಳ್ಳು ಒತ್ತಲು ನನ್ನ ಬೆರಳು ಒಪ್ಪಲಿಲ್ಲ. ಬದಲಿಗೆ ನಾನು ಮೇಷ್ಟ್ರು ಮಾತ್ರ ಮಾಡುವ ಕೆಲಸ ಮಾಡಿದೆ: ನೀತಿಯ ಹೊತ್ತಗೆಯನ್ನು ಕೊನೆಯ ಪುಟದವರೆಗೆ, ಅನುಬಂಧ ಮತ್ತು ಅಡಿಟಿಪ್ಪಣಿಗಳ ಸಮೇತ ಓದಿದೆ. ನಾಲ್ಕನೆಯ ಅನುಬಂಧದ ಕೊನೆಯಲ್ಲಿ, ಚಿಕ್ಕ ಅಕ್ಷರಗಳಲ್ಲಿ, ಒಂದು ವಾಕ್ಯ ಯಾರೂ ತಟ್ಟದ ಬಾಗಿಲಿನಂತೆ ನಿಂತಿತ್ತು. ಪಟ್ಟಿಯಲ್ಲಿಲ್ಲದ ನವೀನ ವಸ್ತುವನ್ನು ಮೂವರು ಸದಸ್ಯರ ಸಮಿತಿಯೊಂದು ‘ಬಳಕೆಯ ಸಹಜ ಸ್ಥಿತಿಯಲ್ಲಿ’ ಪರೀಕ್ಷಿಸಿ, ಅಗತ್ಯವೆಂದು ಕಂಡರೆ, ಪಟ್ಟಿಗೆ ಸೇರಿಸಲು ಶಿಫಾರಸು ಮಾಡಬಹುದು. ಶಿಫಾರಸು ಸಿಗದಿದ್ದರೆ ಮರುಪರೀಕ್ಷೆ ಒಮ್ಮೆ ಮಾತ್ರ. ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ. ನಾನು ಅದನ್ನು ಎರಡು ಬಾರಿ ಗಟ್ಟಿಯಾಗಿ ಓದಿದೆ. ಜವಾನ ಒಳಗೆ ಬಂದು ಕರೆದಿರಾ ಎಂದು ಕೇಳಿದ.

ಆಗಿನ ನಮ್ಮ ಜಂಟಿ ನಿರ್ದೇಶಕರು ನಿವೃತ್ತಿಯ ಹೊಸ್ತಿಲಲ್ಲಿದ್ದ ಮೃದು ಮನುಷ್ಯರು. ಪಟ್ಟಿಯಲ್ಲಿ ಇರುವುದನ್ನೇ ಏನಾದರೂ ಮಾಡಿಕೊಳ್ಳಲು ಆ ಇಬ್ಬರಿಗೆ ಹೇಳಬಾರದೇ ಎಂದು ಕೇಳಿದರು, ಚಹಾ ಕೊಡಿಸಿದರು, ಕೊನೆಗೆ ಸಹಿ ಹಾಕಿದರು. ೨೦೨೪ರ ಮಾರ್ಚ್ ಮೊದಲ ವಾರ ಸಮಿತಿ ಜಾವಳಿಗೆ ಬಂತು.

ಮಾರ್ಚಿನ ಮಳೆಯ ವಿಚಿತ್ರವನ್ನು ಇಲ್ಲಿ ಹೇಳಬೇಕು. ಗಿಡದಲ್ಲಿ ಕಾಫಿಹೂ ಅರಳಲು ಅದೇ ಮಳೆ ಬೇಕು. ಕಣದಲ್ಲಿ ಕಾಫಿ ಕೆಡಲು ಅದೇ ಮಳೆ ಸಾಕು. ತೋಟದವರು ಆ ದಿನಗಳಲ್ಲಿ ಮೋಡ ನೋಡಿ ಒಂದು ಕಣ್ಣಿನಲ್ಲಿ ನಗುತ್ತಾರೆ, ಇನ್ನೊಂದರಲ್ಲಿ ಹೆದರುತ್ತಾರೆ. ಅಂದು ಮಧ್ಯಾಹ್ನ ಮೂರರ ಹೊತ್ತಿಗೆ ಅಂಥದ್ದೇ ಮೋಡ ಕಟ್ಟಿತು. ಇದಕ್ಕಿಂತ ಸಹಜ ಸ್ಥಿತಿ ಇನ್ನೇನು ಬೇಕೆಂದು ನಾನು ಹಿಗ್ಗಿದೆ. ಹಸನಬ್ಬ ಸ್ಟೂಲಿನ ಮೇಲೆ ಕುಳಿತು ಸ್ಟಿಯರಿಂಗಿಗೆ ಕೈ ಇಟ್ಟರು. ಸಮಿತಿಯವರು ಗಡಿಯಾರ ನೋಡಿಕೊಂಡರು. ಗುಡುಗಿತು.

ಆಮೇಲೆ ನಡೆದದ್ದನ್ನು ವ್ಯಾಕರಣಬದ್ಧವಾಗಿ ಹೇಳುವುದು ಕಷ್ಟ. ಬೇಲಿಯ ಆಚೆಯ ತೋಟದಿಂದ ಆಳುಗಳು ಹಾರಿ ಬಂದರು. ಪಕ್ಕದ ಮನೆಯ ಶೇಷಣ್ಣ ಊಟದ ಕೈಯಲ್ಲೇ ಬಂದರು. ಕೊಟ್ಟಿಗೆಹಾರದ ಬಸ್ಸು ರಸ್ತೆಯಲ್ಲಿ ನಿಂತಿತು. ನಿರ್ವಾಹಕನನ್ನೂ ಸೇರಿಸಿ ಅರ್ಧ ಬಸ್ಸು ಕಣಕ್ಕಿಳಿಯಿತು. ಹಲಗೆಗಳು, ಬುಟ್ಟಿಗಳು, ಗೋಣಿಗಳು, ‘ಆ ಕಡೆ ಎಳಿ ಮಾರಾಯ’, ‘ಕಾಲು ತೆಗಿ ಮಾರಾಯ’. ಕಣ್ಣುಮುಚ್ಚಿ ತೆರೆಯುವುದರೊಳಗೆ ಕಾಫಿಯೆಲ್ಲ ಮೂರು ಗುಡ್ಡೆಗಳಾಗಿ, ಅವುಗಳ ಮೇಲೆ ಮಾಮೂಲಿ ಟಾರ್ಪಾಲು ಕುಳಿತು, ಅದರ ಮೇಲೆ ಕಲ್ಲು ಕುಳಿತಿತ್ತು. ಮಳೆ ಆಮೇಲೆ ಬಂತು. ಹಸನಬ್ಬ ಖಾಲಿ ಕಣದ ಮುಂದೆ ಸ್ಟಿಯರಿಂಗು ಹಿಡಿದು, ಬಸ್ಸು ತಪ್ಪಿದ ಚಾಲಕನಂತೆ ಕುಳಿತೇ ಇದ್ದರು.

ಕೊನೆಯ ಗುಡ್ಡೆಯ ಮೇಲೆ ಕಲ್ಲಿಟ್ಟು, ಬೆವರು ಒರೆಸಿಕೊಂಡು, ತೃಪ್ತಿಯಿಂದ ಸುತ್ತ ನೋಡುತ್ತಿದ್ದವನು ಯಾರು? ನಾನು. ಕಳಸದವನಾದ ನನ್ನ ಕಾಲುಗಳಿಗೆ ಗುಡುಗು ಕೇಳಿದ್ದು ಕಿವಿಗಿಂತ ಮೊದಲು. ಜಲಜಕ್ಕ ಜಗಲಿಯ ಕಂಬಕ್ಕೆ ಹಣೆ ಒತ್ತಿ ನಿಂತಿದ್ದುದನ್ನು ಕಂಡ ಮೇಲೆಯೇ ನಾನೇನು ಮಾಡಿದೆನೆಂಬುದು ನನಗೆ ಹೊಳೆದದ್ದು.

ಸಮಿತಿಯ ವರದಿ ಅರ್ಧ ಪುಟ: ‘ಸ್ಥಳೀಯರ ಸಹಕಾರದಿಂದಲೇ ಕಾರ್ಯವು ಶೀಘ್ರವಾಗಿ ಪೂರ್ಣಗೊಳ್ಳುತ್ತಿರುವುದರಿಂದ ಯಂತ್ರದ ಅಗತ್ಯವು ಕಂಡುಬರುವುದಿಲ್ಲ.’ ಕಂಡದ್ದನ್ನೇ ಬರೆದಿದ್ದರು. ಅವರನ್ನು ದೂರಲು ನನಗೆ ಬಾಯಿರಲಿಲ್ಲ. ವರದಿಯನ್ನು ನಾನೇ ಒಯ್ದು ಕೊಟ್ಟಾಗ ಜಲಜಕ್ಕ ಓದಿ, ಮಡಚಿ, ನನ್ನ ಕೈಗೇ ವಾಪಸು ಕೊಟ್ಟರು.

“ಹೋದ ವಾರ ರಾತ್ರಿ ಇಬ್ಬನಿಗೆ ಹೆದರಿ ಎದ್ದಾಗ ನಾನೊಬ್ಳೇ ಇದ್ದದ್ದು ಮೇಷ್ಟ್ರೇ,” ಎಂದರು. “ಅವತ್ತು ಬಸ್ಸು ಇರ್ಲಿಲ್ಲ.”

ಮಾತು ನನಗೆ ನಾಟಿತು. ಅಂದು ಬಂದವರಲ್ಲಿ ಅರವತ್ತು ದಾಟದವರು ಬಸ್ಸಿನವರು ಮತ್ತು ನಾನು ಮಾತ್ರವೆಂಬುದನ್ನು ಸಮಿತಿ ಗಮನಿಸಿರಲಿಲ್ಲ. ಓಡುವ ಭರದಲ್ಲಿ ನಾನೂ ಗಮನಿಸಿರಲಿಲ್ಲ.

ಆ ವರ್ಷದ ಕೊನೆಗೆ ಇನ್ನೊಂದು ಸಂಗತಿ ಸೇರಿಕೊಂಡಿತು. ಬಯಲುಸೀಮೆಯ ಯಂತ್ರವ್ಯಾಪಾರಿಯೊಬ್ಬರು ಹೇಗೋ ಸುದ್ದಿ ತಿಳಿದು ಬಂದು ಕಣಮುಚ್ಚಿಗೆಯ ನಕ್ಷೆಯನ್ನು ತಮಗೇ ಪೂರ್ತಿಯಾಗಿ ಕೊಟ್ಟುಬಿಡುವಂತೆ ಕೇಳಿದರು. ಅವರದೇ ಕಾರ್ಖಾನೆ, ಅವರದೇ ಹೆಸರು. ಮಾರ್ಚ್ ಕೊನೆಯವರೆಗೆ ಕಾಯುತ್ತೇನೆ, ಆಮೇಲೆ ತಾನೇ ಬೇರೆ ಬಗೆಯಲ್ಲಿ ಮಾಡಿಸುತ್ತೇನೆ ಎಂದು ಹೇಳಿಹೋದರು. ಹಸನಬ್ಬನ ಮನಸ್ಸು ಅತ್ತ ವಾಲಿತ್ತು. ರಸ್ತೆಬದಿಯಲ್ಲಿ ಬಸ್ಸು ನಿಲ್ಲಿಸಿಕೊಂಡು ಎಷ್ಟು ದಿನ ಬೆಸೆಯುವುದು, ಸರ್ಕಾರವೇ ಬೇಡವೆಂದಿದೆಯಲ್ಲ ಎಂಬುದು ಅವರ ವಾದ. ಜಲಜಕ್ಕನ ವಾದ ಚಿಕ್ಕದು: “ಅವ ಮಾಡಿದ್ದನ್ನು ನಾನು ಅವನ ಅಂಗಡೀಲಿ ಹೋಗಿ ತಗೊಳ್ಬೇಕಾ? ನಂಗೆ ಮರ್ಯಾದೆ ಇಲ್ವಾ ಮಾರಾಯ?” ಮಾರ್ಚ್ ಮೂವತ್ತೊಂದರವರೆಗೆ ಕಾಯುವುದೆಂದು ಇಬ್ಬರೂ ಒಪ್ಪಿದರು. ಮರುಪರೀಕ್ಷೆ ಒಮ್ಮೆ ಮಾತ್ರ. ಅದು ಕೈತಪ್ಪಿದರೆ ನಕ್ಷೆ ವ್ಯಾಪಾರಿಗೆ, ಹಸನಬ್ಬ ಮರಳಿ ಜೀಪಿನ ಕ್ಲಚ್ಚಿಗೆ, ಜಲಜಕ್ಕ ಮರಳಿ ಕಣಕ್ಕೆ.

ಹೊಸ ಜಂಟಿ ನಿರ್ದೇಶಕಿ ಸುವರ್ಣಾ ಮೇಡಂ ವಿಜಯಪುರದ ಕಡೆಯವರು. ನನ್ನ ಕಡತವನ್ನು ಓದಿ, ನಾನು ಸೇರಿಸಿದ್ದ ಹನ್ನೆರಡು ಪುಟಗಳ ಮನವಿಯಲ್ಲಿ ಹನ್ನೊಂದು ಪುಟ ಅನಗತ್ಯವೆಂದು ಹೇಳಿ, ಆ ಹನ್ನೆರಡನೆಯ ಪುಟಕ್ಕಾಗಿ ೨೦೨೫ರ ಮಾರ್ಚ್ ಹದಿನೆಂಟರಿಂದ ಇಪ್ಪತ್ತರವರೆಗೆ ಮೂರು ದಿನ ಮೀಸಲಿಟ್ಟು, ಸಮಿತಿಯ ಮುಖ್ಯಸ್ಥರಾಗಿ ತಾವೇ ಬರುವುದಾಗಿ ಹೇಳಿದರು. ಅವರ ಷರತ್ತು ಒಂದೇ: ಒಬ್ಬರೇ ಯಂತ್ರ ನಡೆಸಬೇಕು, ಮತ್ತೊಬ್ಬರ ಕೈ ಕಣಕ್ಕೆ ತಗುಲಿದರೆ ಪರೀಕ್ಷೆ ರದ್ದು.

ಇಡೀ ಊರನ್ನು ಕೂರಿಸಿ ವಿಷಯ ತಿಳಿಸಿದೆ. ಎಲ್ಲರೂ ತಕ್ಷಣ ಒಪ್ಪಿದರು. ಶೇಷಣ್ಣ ಎದ್ದು, ಒಪ್ಪುವುದು ಬೇರೆ, ಕಾಲು ಕೇಳುವುದು ಬೇರೆ, ತನ್ನ ಕಾಲಿನ ಬಗ್ಗೆ ತಾನು ಖಾತರಿ ಕೊಡಲಾರೆ ಎಂದರು. ಚರ್ಚೆ ಬಿಸಿಯೇರಿತು. ಊರು ಬಿಟ್ಟು ಹೋಗೋಣವೆಂದು ಕೆಲವರು. ಹೋದರೆ ಗುಡುಗು ಕೇಳಿ ದಾರಿಯಿಂದ ವಾಪಸು ಓಡಿಬರುತ್ತೇವೆಂದು ಉಳಿದವರು. ಕಟ್ಟಿಹಾಕಿಸಿಕೊಳ್ಳಲೂ ಸಿದ್ಧ ಎಂದರು ಒಬ್ಬರು. ಕೊನೆಗೆ ದಾರಿ ಕಂಡದ್ದು ಜಲಜಕ್ಕನಿಗೆ. ಎಲ್ಲರೂ ಅವರ ಜಗಲಿಯಲ್ಲಿ ಸಾಲಾಗಿ ಕೂರಬೇಕು. ಮೊದಲ ಗುಡುಗು ಕೇಳಿದ ಕೂಡಲೇ ಪ್ರತಿಯೊಬ್ಬರ ಒಂದು ಕೈಗೆ ಅಂಚಿನವರೆಗೆ ತುಂಬಿದ ಬಿಸಿ ಕಾಫಿಯ ಲೋಟ, ಇನ್ನೊಂದಕ್ಕೆ ಕಡುಬಿನ ತಟ್ಟೆ. ಚೆಲ್ಲದೆ ಏಳಲು ಯಾರಿಂದಲೂ ಆಗದು. ಈ ಊರಿನಲ್ಲಿ ಕಾಫಿ ಚೆಲ್ಲುವವರಿಲ್ಲ.

ಮೊದಲ ದಿನ ಸುಡುಬಿಸಿಲು. ಎರಡನೆಯ ದಿನ ಅದಕ್ಕಿಂತ ಬಿಸಿಲು. ಜನ್ಮದಲ್ಲಿ ಮೊದಲ ಬಾರಿಗೆ ಜಾವಳಿಯವರು ಕಣದಲ್ಲಿ ಕಾಫಿ ಹರಡಿರುವಾಗ ಬಿಸಿಲಿಗೆ ಬೈದರು. ಹಸನಬ್ಬನಿಗೆ ರಂಜಾನಿನ ಉಪವಾಸ. ಎಲ್ಲರೂ ಕಾದು ಕಾದು ಬೇಸರಕ್ಕೆ ತಿನ್ನುತ್ತಿದ್ದರೆ ಅವರೊಬ್ಬರು ಕಂಬಕ್ಕೆ ಒರಗಿ ಆಕಾಶ ನೋಡುತ್ತಿದ್ದರು. ಮೂರನೆಯ ದಿನ, ಗುರುವಾರ, ಮೂರೂವರೆಗೆ ಚಾರ್ಮಾಡಿಯ ಕಡೆಯಿಂದ ಕಪ್ಪಗೆ ಮೋಡ ಎದ್ದಿತು. ಗುಡುಗಿತು. ಲೋಟಗಳು ತುಂಬಿದವು. ಜಲಜಕ್ಕ ಸೆರಗು ಸಿಕ್ಕಿಸಿ ಸ್ಟೂಲಿನ ಮೇಲೆ ಕುಳಿತರು.

ಮೊದಲ ಹನಿಗಳು ಕಣದ ಸಿಮೆಂಟಿನ ಮೇಲೆ ರೂಪಾಯಿ ಅಗಲಕ್ಕೆ ಬಿದ್ದವು. ಜಗಲಿಯಲ್ಲಿ ನರಳಿಕೆ ಎದ್ದಿತು. ಮೂವತ್ತು ಲೋಟಗಳು ನಡುಗುತ್ತಿದ್ದವು. ಒಬ್ಬ ಅಜ್ಜಿ ಕಣ್ಣು ಮುಚ್ಚಿಕೊಂಡರು. ಟಾರ್ಪಾಲು ಕಾಲು ದಾರಿ ಬಂತು, ಅರ್ಧ ಬಂತು, ಮುಕ್ಕಾಲು ಬಂತು. ಕಟಕ್ ಎಂದಿತು. ನಿಂತಿತು.

ಮಳೆ ಜೋರಾಯಿತು. ಉಳಿದ ಕಾಲುಭಾಗ ಕಾಫಿಯ ಮೇಲೆ ನೀರು. ಜಗಲಿಯಲ್ಲಿ ಊರಿನವರು ಒಬ್ಬರೂ ಏಳಲಿಲ್ಲ. ಎದ್ದವರು ಒಬ್ಬರೇ. ಕಡುಬಿನ ತಟ್ಟೆಯನ್ನು ಶೇಷಣ್ಣನ ಮಡಿಲಿಗೆ ತುರುಕಿ, ಚಪ್ಪಲಿ ಬಿಟ್ಟು, ‘ಏನ್ ನೋಡ್ಕೋತ ಕುಂತೀರಿ’ ಎಂದು ಊರಿಗೆಲ್ಲ ಗದರುತ್ತ ಮಳೆಗೆ ಇಳಿದು ಓಡಿದವರು ಸುವರ್ಣಾ ಮೇಡಂ. ಷರತ್ತು ಹಾಕಿದವರೇ ಅದನ್ನು ಮುರಿಯಲು ಟಾರ್ಪಾಲಿನ ಅಂಚಿಗೆ ಕೈ ಚಾಚಿದರು.

“ಕೂತ್ಕೊಳ್ಳಿ.”

ಹನ್ನೊಂದು ವರ್ಷ ತರಗತಿಗಳಲ್ಲಿ ಬಳಸಿ ಆಮೇಲೆ ಎತ್ತಿಟ್ಟಿದ್ದ ಆ ಧ್ವನಿ ನನ್ನೊಳಗೆ ಇನ್ನೂ ಇದ್ದುದು ನನಗೇ ಗೊತ್ತಿರಲಿಲ್ಲ. ಕೂತಿದ್ದ ಜಗಲಿ ಇನ್ನಷ್ಟು ಕೂತಿತು. ನನ್ನ ಮೇಲಧಿಕಾರಿ, ಮೂರು ಜಿಲ್ಲೆಗಳಲ್ಲಿ ಸೇವೆ ಸಲ್ಲಿಸಿದ ಜಂಟಿ ನಿರ್ದೇಶಕಿ, ಚಾಚಿದ ಕೈಯನ್ನು ಹಿಂದೆಗೆದು, ಸುರಿಯುವ ಮಳೆಯಲ್ಲಿ, ಕಣದ ಕಟ್ಟೆಯ ಮೇಲೆ ಪಟ್ಟನೆ ಕೂತುಬಿಟ್ಟರು.

ಹಸನಬ್ಬ ಕಂಬದಿಂದ ಅಲುಗಿರಲಿಲ್ಲ. ಆ ಚೈನಿನ ಗುಣ ಅವರಿಗೆ ಗೊತ್ತಿತ್ತು, ಅದನ್ನು ಮೊದಲಿನಿಂದಲೂ ಬೈಯುತ್ತ ಬಂದಿದ್ದ ಜಲಜಕ್ಕನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. “ಅರ್ಧ ಸುತ್ತು ಹಿಂದೆ, ಅಕ್ಕ,” ಎಂದರು ಹಸನಬ್ಬ, ಉಪ್ಪು ಕೇಳುವ ಧಾಟಿಯಲ್ಲಿ.

“ಗೊತ್ತುಂಟು. ನೀ ಸುಮ್ನಿರು,” ಎಂದರು ಜಲಜಕ್ಕ. ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದರು, ಚೈನು ಹಲ್ಲಿಗೆ ಕೂತಿತು, ಮುಂದಕ್ಕೆ ತಿರುಗಿಸಿದರು. ಟಾರ್ಪಾಲು ಕೊನೆಯ ಕೊಳವೆಯನ್ನು ಮುಟ್ಟಿತು. ನನ್ನ ಗಡಿಯಾರದಲ್ಲಿ ಆರಂಭದಿಂದ ಅಲ್ಲಿಯವರೆಗೆ ಐದು ನಿಮಿಷ ಆಗಿರಲಿಲ್ಲ. ಜಗಲಿಯಲ್ಲಿ ಮೂವತ್ತು ಜನ ಲೋಟಗಳನ್ನು ನೆಲಕ್ಕಿಟ್ಟರು. ಒಂದು ತೊಟ್ಟೂ ಚೆಲ್ಲಿರಲಿಲ್ಲ.

ನಾನು ಟವೆಲು ಹಿಡಿದು ಮೇಡಂ ಬಳಿ ಹೋದೆ. ಮೂರನೆಯ ಎಚ್ಚರಿಕೆಯ ಪತ್ರದ ಒಕ್ಕಣೆ ಮನಸ್ಸಿನಲ್ಲಿ ಸಿದ್ಧವಾಗು‌ತ್ತಿತ್ತು. ಅವರು ತಲೆ ಒರೆಸಿಕೊಳ್ಳುತ್ತ ನಗುತ್ತಿದ್ದರು.

“ನಮ್ಮ ಕಡೆ ಮಳಿ ಬಂದ್ರ ಕೈ ಮುಗಿದು ನಿಂದರ್ತೀವ್ರಿ,” ಎಂದರು. “ಇಲ್ಲಿ ಮೂರು ದಿನ ಇದ್ದು ನಾನೂ ಓಡೂಹಂಗ ಆದೆ. ಯಾಕ ಓಡಿದೆ ಅಂತ ಅದನ್ನ ಬರೀತೀನಿ. ನೀವು ತಿದ್ದಬ್ಯಾಡ್ರಿ.”

ಅವರ ವರದಿಯನ್ನು ನಾನು ತಿದ್ದಲಿಲ್ಲ. ತಿದ್ದುವುದು ಇರಲೂ ಇಲ್ಲ. ಅದರ ಮುಖ್ಯ ವಾಕ್ಯ ಇದು: ‘ನೆರೆಯವರು ಸಹಾಯಕ್ಕೆ ಧಾವಿಸುತ್ತಾರೆ ಎಂಬುದು ಯಂತ್ರ ಬೇಡವೆನ್ನಲು ಆಧಾರವಲ್ಲ, ಪ್ರತಿ ಮೋಡಕ್ಕೂ ವೃದ್ಧರು ಧಾವಿಸಬೇಕಾಗಿದೆ ಎಂಬುದೇ ಯಂತ್ರ ಬೇಕೆನ್ನಲು ಆಧಾರ.’ ಅದರ ಕೆಳಗೆ ಮತ್ತೊಂದು ಶಿಫಾರಸು ಇತ್ತು. ಪೋರ್ಟಲ್ಲಿನ ಏಳನೆಯ ಕಲಮಿನ ಕೊನೆಯಲ್ಲಿ ‘ಇತರೆ’ ಎಂಬ ಒಂದು ಆಯ್ಕೆಯನ್ನೂ, ವಿವರಿಸಲು ಖಾಲಿ ಜಾಗವನ್ನೂ ಕೊಡಬೇಕೆಂದು. ಅದು ಈಗ ಬಂದಿದೆ. ನೀವು ಅದನ್ನು ದಿನವೂ ನೋಡುತ್ತೀರಿ, ಮೊದಲಿನಿಂದಲೂ ಇತ್ತೆಂದು ಭಾವಿಸಿರುತ್ತೀರಿ. ನನ್ನ ಇಡೀ ಸೇವೆಯಲ್ಲಿ ನಾನು ಕಂಡ ನೀತಿಸುಧಾರಣೆಗಳಲ್ಲಿ ಅಷ್ಟು ಚಿಕ್ಕದು ಬೇರೆ ಇಲ್ಲ, ಅಷ್ಟು ಜನರನ್ನು ಒಳಗೆ ಬಿಟ್ಟದ್ದೂ ಬೇರೆ ಇಲ್ಲ. ಅದರಲ್ಲಿ ಯಾರಾದರೂ ‘ಇನ್ನೂ ಹೆಸರಿಟ್ಟಿಲ್ಲ’ ಎಂದು ಬರೆದಿದ್ದರೆ ಕೆಂಪು ಶಾಯಿ ತೆಗೆಯಬೇಡಿ. ಚಪ್ಪಲಿ ಮೆಟ್ಟಿ ಹೊರಡಿ.

ಮೇಡಂ ತಾವೇ ಬೆನ್ನು ಹತ್ತಿದ್ದರಿಂದ ಒಂದೇ ವಾರದಲ್ಲಿ ಕಣಮುಚ್ಚಿಗೆ ಪಟ್ಟಿಗೆ ಸೇರಿತು. ಶೆಡ್ಡಿನ ಹಂಚಿಕೆಯ ಆದೇಶ ಬಂದ ದಿನ ಅದನ್ನು ಅಂಚೆಗೆ ಹಾಕಲು ನನಗೆ ಮನಸ್ಸಾಗಲಿಲ್ಲ. ಸ್ವೀಕೃತಿ ಪುಸ್ತಕವನ್ನು ಕಂಕುಳಲ್ಲಿ ಹಿಡಿದು ಕೊಟ್ಟಿಗೆಹಾರದ ಗ್ಯಾರೇಜಿಗೆ ನಾನೇ ಹೋದೆ. ಜಲಜಕ್ಕನನ್ನೂ ಅಲ್ಲಿಗೇ ಕರೆಸಿದ್ದೆ. ಹಸನಬ್ಬ ಆದೇಶವನ್ನು ಮೊದಲು ನಿಂತು ಓದಿದರು, ಆಮೇಲೆ ಟೈರಿನ ಮೇಲೆ ಕುಳಿತು ಓದಿದರು. ಗ್ರೀಸು ಕೈಯನ್ನು ಒರೆಸಿಕೊಂಡು ಆ ವ್ಯಾಪಾರಿಗೆ ಅಲ್ಲಿಂದಲೇ ಫೋನು ಮಾಡಿದರು. ನಕ್ಷೆ ಕೊಡುವುದಿಲ್ಲವೆಂದರು. ಆ ಕಡೆಯಿಂದ ಏನೋ ಉದ್ದದ ಮಾತು ಬಂತು. “ಬೇಕಾದ್ರೆ ನಮ್ಮತ್ರ ಯಂತ್ರ ತಗೊಳ್ಳಿ ಸಾರ್,” ಎಂದು ಸಮಾಧಾನದಿಂದ ಹೇಳಿ ಫೋನು ಇಟ್ಟರು.

ಸ್ವೀಕೃತಿ ಪುಸ್ತಕದಲ್ಲಿ ಹೆಸರು, ಊರು, ವೃತ್ತಿ, ಸಹಿ ಎಂದು ನಾಲ್ಕು ಅಂಕಣ. ಜಲಜಕ್ಕ ಮೊದಲೆರಡನ್ನು ಬೇಗ ಬರೆದರು. ಮೂರನೆಯದರ ಮುಂದೆ ಲೇಖನಿ ನಿಂತಿತು. ಇಷ್ಟು ವರ್ಷ ರೇಷನ್ ಕಾರ್ಡಿನಲ್ಲಿ, ಬ್ಯಾಂಕಿನಲ್ಲಿ, ಮತದಾರರ ಚೀಟಿಯಲ್ಲಿ ಬೇರೆಯವರೇ ಆ ಜಾಗದಲ್ಲಿ ‘ಗೃಹಿಣಿ’ ಎಂದು ತುಂಬಿಸಿದ್ದರಂತೆ. ತಾವೇ ಬರೆಯಬೇಕಾಗಿ ಬಂದದ್ದು ಇದೇ ಮೊದಲು. ಏನು ಬರೆಯಲಿ ಎಂಬಂತೆ ನನ್ನ ಕಡೆ ನೋಡಿದರು. ನನ್ನ ಬಳಿ ಒಳ್ಳೆಯ ಪದಗಳು ಐದಾರು ಇದ್ದವು. ನಾನು ಬಾಯಿ ತೆರೆಯಲಿಲ್ಲ. ಅವರು ಬಗ್ಗಿ, ದುಂಡಗೆ, ಒತ್ತಿ ಬರೆದರು: ಯಂತ್ರ ಮಾಡುವುದು.

“ನಂಗೂ ಸ್ವಲ್ಪ ಜಾಗ ಬಿಡಿ ಅಕ್ಕ,” ಎಂದರು ಹಸನಬ್ಬ. ಅವರು ಅದರ ಕೆಳಗೆ ‘ಸದರಿ’ ಎಂದು ಬರೆದರು. ಇಬ್ಬರೂ ಸಹಿ ಹಾಕಿದರು. ನಾನು ತಾರೀಖು ಹಾಕಿದೆ: ೨೭ನೆಯ ಮಾರ್ಚ್ ೨೦೨೫, ಗುರುವಾರ.